ಎರಡು ಸಲ ಒಳಬರಲು

ಇರ್ವಿನ್ ರಸ್ತೆಯ ನನ್ನ ಅಂಗಡಿಯ ಬೋರ್ಡಿನಲ್ಲಿ
ಜೆರಾಕ್ಸ್, ಲ್ಯಾಮಿನೇಷನ್, ವೀಸಾ ಫೋಟೋ.
ಹೋದ ವರ್ಷ ಕೆಳಗೆ ಸೇರಿಸಿದ್ದು:
ಅರ್ಜಿ ತುಂಬಿಕೊಡಲಾಗುವುದು.

ಕಿರುಗಾವಲಿನ ಕಡೆಯ ಕಾಳಮಾದಯ್ಯ ಬಂದದ್ದು
ಹನ್ನೊಂದೂವರೆಯ ಬಸ್ಸಿಗೆ,
ಗೊಬ್ಬರದ ಚೀಲದಲ್ಲಿ ತಮಟೆ, ಅಂಗಿಜೇಬಿನಲ್ಲಿ
ಮಡಿಕೆ ಮಡಿಕೆಗೂ ಮಾಸಿದ ಆಹ್ವಾನಪತ್ರ:
ಹಂಗೇರಿಯ ಗಡಿಯೂರೊಂದರಲ್ಲಿ ಚರ್ಮವಾದ್ಯಗಳ ಮೇಳ,
ನಡುವೆ ಒಂದು ರಾತ್ರಿ ಪಕ್ಕದ ದೇಶ ಸರ್ಬಿಯಾದಲ್ಲಿ.

ತಮಟೆ ಯಾಕೆ ತಂದಿರಿ ಎಂದೆ.
'ಫೋಟೋಕ್ಕೆ ಬ್ಯಾಡ್ವಾ ಸಾ?'

ಬೇಡ. ಮೂವತ್ತೈದಕ್ಕೆ ನಲವತ್ತೈದು ಮಿಲಿಮೀಟರು.
ಬಿಳಿ ಗೋಡೆ. ಎರಡೂ ಕಿವಿ ಕಾಣಬೇಕು. ಹಲ್ಲು ಕಾಣಬಾರದು.
ಪೇಟ ತೆಗೆಸಿದೆ. ಹಣೆಯ ನಡುವೆ ಒಂದು ಗೆರೆ,
ಮೇಲೊಂದು ಬಣ್ಣ, ಕೆಳಗೆ ಬಿಸಿಲು ಸುಟ್ಟದ್ದೊಂದು.
ಕಂಪ್ಯೂಟರಿನಲ್ಲಿ ಅಳಿಸಹೋದವನು
ಹಾಗೇ ಬಿಟ್ಟೆ.

ಕುಟುಂಬದ ಹೆಸರು?
'ನಾವ್ ಕರ್ಕೊಳ್ಳೋದೊಂದು, ಊರವ್ರು ಕರ್ಯೋದೊಂದು.
ಯಾವ್ದ ಬರ್ಕೊತೀರಿ?'
ಆ ಜಾಗದಲ್ಲಿ ಅಡ್ಡಗೆರೆ ಎಳೆದೆ.

ಪ್ರಯಾಣದ ಉದ್ದೇಶ?
'ಬಡಿಯೋದು.'
ಸಾಂಸ್ಕೃತಿಕ ಎಂದು ತುಂಬಿದೆ.

ಪಾಸ್‌ಪೋರ್ಟಿನಲ್ಲಿ ಎರಡಾದರೂ ಖಾಲಿ ಹಾಳೆ ಬೇಕು;
ಎಲ್ಲವೂ ಖಾಲಿ.
ವಿಮೆ, ಹೋಗಿಬರುವ ಟಿಕೆಟು, ತಂಗುವ ಮನೆಯ ವಿಳಾಸ,
ಬ್ಯಾಂಕಿನ ಲೆಕ್ಕ. ಸಾವಿನ ಮನೆಯ ದುಡ್ಡು
ಬ್ಯಾಂಕಿನತನಕ ಹೋಗಿರಲಿಲ್ಲ,
ಗ್ಯಾಸಿನ ಸಬ್ಸಿಡಿ ಮಾತ್ರ ಬಂದು ಬಂದು ಕೂತಿತ್ತು.

ವಾಪಸು ಬಂದೇ ಬರುತ್ತೀರಿ ಅನ್ನಲು ಸಾಕ್ಷಿ?
'ಕಾರ್ತೀಕದಲ್ಲಿ ಮೂರು ಮದ್ವೆ ಒಪ್ಕೊಂಡಿವ್ನಲ್ಲ.'
ಅದಕ್ಕೆ ಜೆರಾಕ್ಸ್ ಇಲ್ಲ.

ಆಮೇಲೆ ಕಷ್ಟದ್ದು ಬಂತು.
ಹಂಗೇರಿಯೊಳಕ್ಕೆ ಕಾಲಿಟ್ಟಿರಿ, ಅದೊಂದು ಸಲ.
ಪಕ್ಕಕ್ಕೆ ಹೋಗಿ ತಿರುಗಿ ಬಂದಿರಿ, ಎರಡನೆಯದು.
ಒಂದೇ ಸಲ ಅಂತ ಬರೆದುಬಿಟ್ಟರೆ
ಆಚೆ ಹೋದವರು ಆಚೆಯೇ.
ಟೀ ಲೋಟವನ್ನು ಹಂಗೇರಿ ಮಾಡಿ, ಸ್ಟೇಪ್ಲರನ್ನು ಸರ್ಬಿಯಾ ಮಾಡಿ,
ರಬ್ಬರನ್ನು ಕಾಳಮಾದಯ್ಯ ಮಾಡಿ
ಮೇಜಿನ ಮೇಲೆ ಅತ್ತಿತ್ತ ನಡೆಸಿ ತೋರಿಸಿದೆ.

ಅವರು ರಬ್ಬರನ್ನೇ ನೋಡುತ್ತಿದ್ದರು.
'ಅಂಗಾರೆ ಎರಡ್ ಸಲ ಒಳೀಕ್ ಬಿಡ್ತೀವಿ ಅಂತ
ಮುಂಚೇನೇ ಬರ್ದು, ಮೊಹರು ಒತ್ತಿ ಕೊಡ್ತಾರಾ ಸಾ?'
ಹೌದು, ಒಪ್ಪಿದರೆ.
'ಕಂಡು ಕೇಳ್ದೋರಿಗೆ?'
ಕಂಡು ಕೇಳದವರಿಗೆ.

ನಕ್ಕರು. ಹಲ್ಲೆಲ್ಲ ಕಂಡಿತು.
ಫೋಟೋ ಆಗಲೇ ತೆಗೆದಾಗಿತ್ತು.

'ನಿಮ್ದ್ಯಾವೂರು ಸಾ?'
ಹೇಳಿದೆ. ಅವರೂರಿಗೆ ಎರಡು ಮೈಲಿ.
'ಓ, ಮುಂದ್ಗಡೆ ನೇರಳೆಮರ ಇತ್ತಲ್ಲ, ಆ ಮನೇರಾ?
ನಿಮ್ ತಾತ ಹೋದಾಗ ನಮ್ಮಪ್ಪ ರಾತ್ರಿಯೆಲ್ಲ ಬಡ್ದಿದ್ದ.
ನಾನು ಹುಲ್ಲು ಉರ್ಸಿ ಕಾಯ್ಸ್ಕೊಡ್ತಿದ್ದೆ.'

ಎಲ್ಲಿ ನಿಂತು ಎಂದು ಅವರು ಹೇಳಲಿಲ್ಲ.
ನೇರಳೆಮರದ ಆಚೆ. ಮಳೆಹನಿ ಬಿದ್ದಾಗಲೂ ಆಚೆಯೇ.
ನಾನು ಜಗಲಿಯ ಮೇಲಿದ್ದೆ, ಎಂಟು ವರ್ಷದವನು,
ಎರಡೂ ಕಿವಿ ಮುಚ್ಚಿಕೊಂಡು.

ಪ್ರವೇಶಗಳ ಸಂಖ್ಯೆ. ಒಂದು, ಎರಡು, ಹಲವು.
ಮೂರು ಚೌಕ.
ಎರಡಕ್ಕೆಂದು ಹೋದ ಪೆನ್ನು ಹಲವಕ್ಕೆ ಗುರುತು ಹಾಕಿತು.
ಕೊಡುವವನು ನಾನಲ್ಲ. ಹಾಕಿದೆ, ಅಷ್ಟೆ.

ಚೀಲ ಹೆಗಲಿಗೇರಿಸಿ ಹೊರಟವರು
ಬಾಗಿಲಲ್ಲಿ ತಿರುಗಿ ನಿಂತರು.
'ಅಲ್ಲಿ ಒಣಹುಲ್ಲು ಸಿಕ್ತದಾ ಸಾ?
ಕಾಯಿಸ್ದೆ ಬಡುದ್ರೆ ದನಿ ಏಳಾಕಿಲ್ಲ.'

ಅರ್ಜಿಯ ನಾಲ್ಕೂ ಪುಟ ತಿರುವಿ ನೋಡಿದೆ.
ಬೆಂಕಿಯ ಬಗ್ಗೆ ಎಲ್ಲೂ ಕೇಳಿರಲಿಲ್ಲ.